ಗೌರಿಯ ಮುಂದೆ ಓದಿದ ಗಾಥೆ

ದೆವ್ವ ಕಂಡೆ ಎಂದವರಿಗೆ ಕನ್ನಡಕದ ಅಂಗಡಿಯ ದಾರಿ ತೋರಿಸುತ್ತಿದ್ದವನು ನಾನು. ಕೊಳ್ಳೇಗಾಲದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದಷ್ಟು ಕಾಲವೂ ಹಾಗೇ ಇದ್ದೆ. ಹಾಗಾಗಿ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ನಿವೃತ್ತನಾಗಿ ನಮ್ಮೂರು ಬಂಡಳ್ಳಿಗೆ ಬಂದ ಮೇಲೆ ಪಾರ್ಸಿಗಳ ಪ್ರಾಚೀನ ಗಾಥೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಲು ಕೂತೆ. ಬೆಂಕಿಯನ್ನು ಪವಿತ್ರವೆಂದು ಕಾಯುವ ಜನರ ದೇವರ ಹಾಡುಗಳವು. ಅವುಗಳಲ್ಲೊಂದರಲ್ಲಿ ಹಸುವಿನ ಆತ್ಮ ದೇವರ ಮುಂದೆ ನಿಂತು, ತನ್ನನ್ನು ಕಾಯುವವರು ಯಾರೂ ಇಲ್ಲವಲ್ಲ ಎಂದು ದೂರುತ್ತದೆ. ಬರೆದದ್ದನ್ನು ಸಂಜೆ ಕೊಟ್ಟಿಗೆಯಲ್ಲಿ ಕೂತು ಜೋರಾಗಿ ಓದುವುದು ನನ್ನ ರೂಢಿ. ಹೆಂಡತಿ ನಮ್ಮ ಹಸು ಗೌರಿಯ ಹಾಲು ಕರೆಯುತ್ತಾ ಕೇಳುತ್ತಿದ್ದಳು. ಓದು ಬರಹ ಅಷ್ಟಕ್ಕಷ್ಟೇ, ಕಿವಿ ಮಾತ್ರ ಬಲು ಚುರುಕು. ಹಸುವಿನ ದೂರಿನ ಮೊದಲ ಸಾಲಿಗೇ ತಲೆಯಾಡಿಸಿದಳು.

"ಇದು ಪುಸ್ತಕದ್ ಮಾತಾಯ್ತು ಕಣ್ರಿ. ಅಸ ಇಂಗಾ ಅಳೋದು?"

"ಮತ್ತಿನ್ನೆಂಗೆ? ನೀನೇ ಯೋಳು" ಎಂದು ರೇಗಿದೆ.

"ನಾಳ ಯೋಳ್ತೀನಿ, ಈಗ ಆಲ್ ಕರ್ಯಕ್ ಬುಡಿ."

ಮಾರನೆಯ ಬೆಳಗ್ಗೆ ಎದೆನೋವು ಎಂದಳು. ಕಾರು ಕೊಳ್ಳೇಗಾಲ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಕರು ಸತ್ತ ಮೇಲೆ ಗೌರಿ ಅವಳ ಕೈಗೆ ಮಾತ್ರ ಹಾಲು ಬಿಡುತ್ತಿತ್ತು. ಈಗ ಯಾರು ಕೂತರೂ ಬಿಡಲಿಲ್ಲ. ಕೆಚ್ಚಲು ಕಲ್ಲಾಯಿತು. ಹೀಗೇ ಆದರೆ ಬಾವು ಬಂದು ಹಸು ಉಳಿಯುವುದಿಲ್ಲ ಎಂದರು ಹನೂರಿನಿಂದ ಬಂದ ಪಶುವೈದ್ಯರು. ಅವಳ ಕೈಯಲ್ಲಿ ಬೆಳೆದ ಜೀವ ಅದೊಂದೇ ಉಳಿದಿತ್ತು. ಅದೂ ಹೋದರೆ ಏನು ಮಾಡಲಿ ಎಂದು ಹೆದರಿದೆ.

ಮೂರನೆಯ ದಿನದ ಸಂಜೆ ಮುಳ್ಳೂರಿನ ನನ್ನ ತಂಗಿ ಚೊಂಬು ಹಿಡಿದು ಕೂತಳು. "ದಿನಾ ಓದ್ತಿದ್ದಂಗೇ ಓದಣ್ಣ. ಆ ಸದ್ದು ಅದ್ಕೂ ರೂಡಿಯಾಗಿರ್ಬೋದು" ಎಂದಳು. ಹಾಳೆ ತೆಗೆದು ಅದೇ ಸಾಲನ್ನು ಓದಿದೆ. ಹಾಗೆಂದೇ ಈಗಲೂ ನನ್ನ ನೆನಪು.

ಚೊಂಬಿಗೆ ಹಾಲು ಬೀಳುವ ಸದ್ದಾಯಿತು. ಗೌರಿ ಕಿವಿ ನಿಮಿರಿಸಿ ನನ್ನನ್ನೇ ನೋಡುತ್ತಿತ್ತು. ತಂಗಿ ಹಾಲು ಕರೆಯುತ್ತಲೇ ಅಳುತ್ತಿದ್ದಳು.

"ಅಣ್ಣಾ, ಅತ್ತಿಗೆನೇ ಮಾತಾಡ್ದಂಗೆ ಅಂದ್ಯಲ್ಲಾ!"

ನಾನು ಹಾಳೆಯಲ್ಲಿದ್ದುದನ್ನು ಮತ್ತೆ ಓದಿ ತೋರಿಸಿದೆ.

"ಇದಲ್ಲ. ಬ್ಯಾರೆ ಏನೋ ಅಂದೆ, ನಮ್ ಮಾತ್ನಲ್ಲಿ. ಕರ್ಳು ಕಿತ್ತು ಬಂತು ಕಣಣ್ಣ."

ಏನಂದೆ ಎಂದು ಎಷ್ಟು ಕೇಳಿದರೂ ಅವಳಿಗೆ ನೆನಪಾಗಲಿಲ್ಲ. ನನಗಂತೂ ಗೊತ್ತೇ ಇರಲಿಲ್ಲ.

ದುಃಖದಲ್ಲಿ ನನ್ನ ನಾಲಿಗೆ ಹೊರಳಿತು ಎನ್ನಬಹುದು, ತಂಗಿಗೆ ಭ್ರಮೆ ಎನ್ನಬಹುದು. ನಾನೂ ಎರಡನ್ನೂ ಹೇಳಿಕೊಂಡು ನೋಡಿದ್ದೇನೆ. ಆದರೆ ಚೊಂಬು ತುಂಬಿದ್ದನ್ನು ಏನೆನ್ನಲಿ?

ಮರುದಿನ ಗೌರಿ ಒಂದು ಹನಿಯೂ ಕೊಡಲಿಲ್ಲ. ಆದರೆ ಕೆಚ್ಚಲು ಮೆತ್ತಗಾಗಿತ್ತು. ನಿಧಾನವಾಗಿ ಹಾಲು ಬತ್ತಿತು, ಜೀವ ಉಳಿಯಿತು. ನೋಡಿಕೊಳ್ಳಲು ನನಗೆ ಬಾರದೆ ತಂಗಿಯ ಮನೆಗೆ ಕಳಿಸಿದೆ.

ಗಾಥೆಗಳ ಕೆಲಸ ಮುಗಿದು ವರ್ಷಗಳಾದವು. ಅಚ್ಚಿಗೆ ಮಾತ್ರ ಕೊಟ್ಟಿಲ್ಲ, ಆ ಒಂದು ಸಾಲಿನ ಜಾಗ ಖಾಲಿಯಿದೆ. ಅಂದು ರೇಗದೆ ಇನ್ನೊಮ್ಮೆ ಕೇಳಿದ್ದರೆ ಅವಳೇ ಹೇಳುತ್ತಿದ್ದಳೇನೋ. ಹೊಸದೇನಾದರೂ ಹೊಳೆದಾಗ ಬಸ್ಸು ಹತ್ತಿ ಮುಳ್ಳೂರಿಗೆ ಹೋಗಿ ಗೌರಿಯ ಮುಂದೆ ನಿಂತು ಓದುತ್ತೇನೆ. ಅದು ಮೇವು ಮೆಲ್ಲುತ್ತಲೇ ಇರುತ್ತದೆ. ತಂಗಿಯ ಮುಖ ನೋಡುತ್ತೇನೆ.

"ಊಹೂಂ, ಇದೂ ಅಲ್ಲ ಕಣಣ್ಣ" ಎನ್ನುತ್ತಾಳೆ.