ತಲೆಯಿಲ್ಲದ ಸೀಗಡಿಗಳು

ಊರಿನವರು ಅವಳನ್ನು ಹೊಟ್ಟೆ ಮೇಡಂ ಎಂದು ಕರೆಯುತ್ತಿದ್ದರು. ಹಾಗೆಂದು ಅವಳ ಹೊಟ್ಟೆಯೇನೂ ದೊಡ್ಡದಲ್ಲ, ಹುರಿಹಗ್ಗದಂತಿದ್ದಳು. ಬಂದರಿನ ಪಕ್ಕದ ಮೀನು ಸಂಶೋಧನಾ ಕೇಂದ್ರದಲ್ಲಿ ಕುಳಿತು, ಅಲ್ಲ, ನಿಂತು, ದಡದ ಹತ್ತಿರ ಓಡಾಡುವ ಸಣ್ಣ ಶಾರ್ಕ್‌ಗಳ ಹೊಟ್ಟೆ ಕೊಯ್ದು, ಅವು ಕೊನೆಯದಾಗಿ ಏನು ಉಂಡವು ಎಂದು ಪತ್ತೆಹಚ್ಚುವುದು ಅವಳ ಉದ್ಯೋಗ. ಕೂರುವುದು ಅವಳ ಹಣೆಯಲ್ಲೇ ಬರೆದಿರಲಿಲ್ಲ. ಕತ್ತರಿ, ಚಿಮಟ, ಜರಡಿ, ತಟ್ಟೆ ಎಂಬ ಚತುರಂಗ ಬಲದೊಂದಿಗೆ ಮೇಜಿನ ಸುತ್ತ ತಿರುಗುತ್ತಲೇ ಯುದ್ಧ ಮುಗಿಸುತ್ತಿದ್ದಳು.

ಆ ವರ್ಷ ಸೀಗಡಿ ಕೈಕೊಟ್ಟಿತು. ದೋಣಿಗಳು ಹೋದಷ್ಟೇ ಹಗುರವಾಗಿ ಮರಳಿದವು. ಯಾರ ಮೇಲಾದರೂ ಗೂಬೆ ಕೂರಿಸಬೇಕಲ್ಲ, ಸಣ್ಣ ಶಾರ್ಕ್‌ಗಳ ಮೇಲೆ ಕೂರಿಸಿದರು. ದೋಣಿಯವರ ಮುಂದಾಳು ಅವಳ ಒಡಹುಟ್ಟಿದ ಅಣ್ಣ. ತನ್ನ ಗಾಳಕ್ಕೆ ಬಿದ್ದ ಶಾರ್ಕ್‌ಗಳನ್ನು ಬಕೆಟ್ಟಿನಲ್ಲಿ ತಂದು ಮೇಜಿನ ಮೇಲೆ ಸುರಿದ.

"ಕೊಯ್ದು ನೋಡೇ. ಸೀಗಡಿ ಇದ್ರೆ ನಾಳೆ ಹೊಳೆ ಕಡಲಿಗೆ ಸೇರೋ ಅಳಿವೆಗೆ ಅಡ್ಡ ಬಲೆ ಕಟ್ತೀವಿ. ಮರಿ ಹಾಕೋಕೆ ಬರೋ ಶಾರ್ಕ್ ಒಂದೂ ಉಳಿಯಲ್ಲ. ಇಲ್ದಿದ್ರೆ ಅವುಗಳ ಪಾಡಿಗೆ ಬಿಟ್ಬಿಡ್ತೀವಿ. ನಿನ್ನದೇ ಕೊನೆ ಮಾತು."

ಕೊಯ್ದಳು. ಮೊದಲ ಹೊಟ್ಟೆಯಲ್ಲಿ ಸೀಗಡಿ. ಮುಂದಿನದರಲ್ಲೂ ಸೀಗಡಿ. ಬಕೆಟ್ಟು ಮುಗಿಯುವವರೆಗೂ ಬರೀ ಸೀಗಡಿ.

"ಇದೆ," ಎಂದಳು, ಹಲ್ಲು ಕೀಳಿಸಿಕೊಂಡವಳ ದನಿಯಲ್ಲಿ.

ಅಣ್ಣ ದಿಗ್ವಿಜಯ ಮುಗಿಸಿದ ಅರಸನಂತೆ ಸಿಳ್ಳೆ ಹಾಕುತ್ತಾ ಹೊರಟುಹೋದ.

ಅವಳ ಕಾಲಿಗೆ ಚಕ್ರ ಬಂತು. ಮನೆಗೆ ಬಂದವಳು ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ನಡುಮನೆಗೆ ಸವಾರಿ ಹೊರಟಳು. ಏನೋ ಸರಿಯಿಲ್ಲ. ಆ ಸೀಗಡಿಗಳಿಗೆ ತಲೆಯೇ ಇರಲಿಲ್ಲ. ತಲೆ ಮೊದಲು ಕರಗಿರಬಹುದು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಿದ್ದಳು. ಆದರೆ ಬಾಲದ ಸಿಪ್ಪೆ ಈಗಷ್ಟೇ ತೊಳೆದಂತೆ ಹೊಳೆಯುತ್ತಿತ್ತಲ್ಲ! ತಲೆ ಮುರಿದು, ತಟ್ಟೆಯಂಚಿಗೆ ಸರಿಸಿ, ಮಿಕ್ಕಿದ್ದನ್ನು ಮಾತ್ರ ತಿನ್ನುವಷ್ಟು ನಯನಾಜೂಕು ಶಾರ್ಕಿಗೆ ಕಲಿಸಿದವರು ಯಾರು?

"ಒಂದು ಕಡೆ ನಿಲ್ಲೇ, ತಲೆ ಸುತ್ತುತ್ತೆ," ಎಂದು ಅಡುಗೆಮನೆಯಿಂದ ಅತ್ತಿಗೆ ಗದರಿದಳು. ನೆಲದ ಮೇಲೆ ಕುಳಿತು, ಅಣ್ಣನ ಗಾಳಗಳಿಗೆಂದು ಸೀಗಡಿಗಳ ತಲೆಗಳನ್ನು ಪಟಪಟನೆ ಮುರಿಯುತ್ತಿದ್ದಳು.

ಹೊಟ್ಟೆ ಮೇಡಂ ನಿಂತೇಬಿಟ್ಟಳು. "ಅತ್ತಿಗೆ, ತಲೆ ಯಾಕೆ ಮುರೀತೀರಿ?"

"ತಲೆ ಇದ್ರೆ ಗಾಳದಲ್ಲಿ ನೆಟ್ಟಗೆ ಕೂರಲ್ಲ. ನಿಮ್ಮಣ್ಣನ ಹಾಗೆ, ತಲೆ ಇಲ್ದಿದ್ರೇನೇ ಹೇಳಿದ ಕಡೆ ಇರೋದು."

ಹೊಟ್ಟೆಗಳಲ್ಲಿ ಕಂಡದ್ದು ಶಾರ್ಕ್‌ಗಳ ಊಟವಲ್ಲ, ಅಣ್ಣನ ಮನೆಯ ಔತಣ! ಗಾಳದ ಸೀಗಡಿಯನ್ನೇ ಕಡಲಿನ ಸೀಗಡಿ ಎಂದು ತೀರ್ಪು ಕೊಟ್ಟಿದ್ದಳು. ಮನೆಗೆ ಬಂದ ಅಣ್ಣ ಹೊಸ್ತಿಲು ದಾಟುವ ಮೊದಲೇ ಅಡ್ಡ ಹಾಕಿದಳು.

"ನಾನು ಹೇಳಿದ್ದು ತಪ್ಪಾಯ್ತಣ್ಣ, ಅವು ನಿನ್ನ ಗಾಳದ ಸೀಗಡಿಗಳೇ. ಹೊಟ್ಟೆಗೆ ಹಾಕ್ಕೋ."

"ಎಲ್ಲರ ಹೊಟ್ಟೇಲಿರೋದನ್ನ ಹೊರಗೆ ತೆಗೆಯೋಳು, ನನಗೆ ಮಾತ್ರ ಹೊಟ್ಟೆಗೆ ಹಾಕ್ಕೋ ಅಂತೀಯಾ? ದೋಣಿಯವರಿಗೆಲ್ಲ ಹೇಳಿಯಾಯ್ತು!"

"ಗಾಳ ಬೇಡ, ಬಲೇಲಿ ಹಿಡಿದ ನಾಲ್ಕು ಶಾರ್ಕ್ ತಂದುಕೊಡು. ಅದರಲ್ಲೂ ಸೀಗಡಿ ಇದ್ರೆ ಬಾಯಿ ಬಿಡಲ್ಲ."

"ತರಲ್ಲ. ಬೇಕಾದ್ರೆ ನೀನೇ ದೋಣಿಗೆ ಬಾ. ಅಡ್ಡ ಬಲೆ ಕಟ್ಟೋ ಮೊದಲು ಅಲ್ಲೇ ಕೊಯ್ದು ತೋರಿಸು."

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಕಡಲಜೀವಿಗಳ ಒಳಹೊರಗು ಬಲ್ಲ ಈ ಮಹಾಮಹಿಳೆಗೆ, ದಡಕ್ಕೆ ಕಟ್ಟಿದ ದೋಣಿ ಹತ್ತಿದರೂ ಹೊಟ್ಟೆ ತೊಳಸುತ್ತದೆ ಎಂಬುದು ಮನೆಯವರಿಗಷ್ಟೇ ಗೊತ್ತು.

ಬೆಳಿಗ್ಗೆ ಹತ್ತಿದಳು. ಅಳಿವೆ ತಲುಪುವ ಮೊದಲೇ ಅವಳ ತಿಂಡಿ ಕಡಲಿನ ಪಾಲಾಯಿತು.

"ಬರ್ಕೊಳ್ರೋ," ಎಂದು ಅಣ್ಣ ಕೂಗಿದ. "ಅರ್ಧ ಜೀರ್ಣ ಆಗಿದೆ. ಸೀಗಡಿ ಇಲ್ಲ!"

ದೋಣಿ ನಗುತ್ತಿದ್ದಂತೆ ಬಲೆ ಮೇಲೆ ಬಂತು. ತೊಯ್ದ ಹಲಗೆಯ ಮೇಲೆ ಮಂಡಿಯೂರಿ, ಮುಖ ಬಿಳಿಚಿಕೊಂಡಿದ್ದರೂ ಅದರಲ್ಲಿದ್ದ ನಾಲ್ಕು ಶಾರ್ಕ್‌ಗಳನ್ನೂ ಕೊಯ್ದಳು. ಏಡಿಯ ಕಾಲು, ಏಡಿಯ ಚಿಪ್ಪು. ಇನ್ನೊಂದರಲ್ಲಿ ಬೆರಳುದ್ದದ ಮೀನು, ಇನ್ನೂ ಇಡಿಯಾಗಿ. ಸುಮ್ಮನಿರಲಾರದೆ ಆ ಮೀನಿನ ಹೊಟ್ಟೆಯನ್ನೂ ಸೀಳಿದಳು. ಅಲ್ಲಿದ್ದವು ಅಕ್ಕಿಕಾಳಿನಷ್ಟಿದ್ದ ಸೀಗಡಿ ಮರಿಗಳು.

"ನನ್ನ ಸೀಗಡಿ!" ಅಣ್ಣ ಹೌಹಾರಿದ.

"ನಿನ್ನ ಸೀಗಡಿ ತಿಂದೋನನ್ನ ಶಾರ್ಕ್ ತಿಂದಿದೆ."

"ಹಂಗಾದ್ರೆ ಇದು ನಮ್ಮ ಪೊಲೀಸು ಅನ್ನಿ," ಎಂದ ಚುಕ್ಕಾಣಿಯವನು.

"ಪೊಲೀಸೂ ಅಲ್ಲ, ಸಂತನೂ ಅಲ್ಲ. ಸೀಗಡಿ ಸಿಕ್ರೆ ಇದೂ ಬಿಡಲ್ಲ. ಕೆಳಗಿನೋರನ್ನ ಇದು ತಿನ್ನುತ್ತೆ, ಇದನ್ನ ನುಂಗೋಕೆ ದೊಡ್ಡ ಶಾರ್ಕ್ ಕಾಯ್ತಿರುತ್ತೆ. ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡಿರೋ ಪ್ರಾಣಿ. ಇದನ್ನ ಕಿತ್ತುಹಾಕಿದ್ರೆ ಈ ಮೀನು ಎಷ್ಟಾಗುತ್ತೋ, ಏನೇನು ತಿನ್ನುತ್ತೋ!"

ಅಣ್ಣ ಆ ಪುಟ್ಟ ಮೀನನ್ನು ತಿರುಗಿಸಿ ತಿರುಗಿಸಿ ನೋಡಿದ. ಅಳಿವೆಯ ಎರಡು ಬದಿಗೂ ದೋಣಿಗಳು ಅಡ್ಡ ಬಲೆಯ ಹಗ್ಗ ಹಿಡಿದು ಅವನ ಕೂಗಿಗಾಗಿ ಕಾಯುತ್ತಿದ್ದವು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಸೇನೆ ಹಿಂತೆಗೆಯುವ ರಾಜನ ಗತ್ತಿನಲ್ಲೇ ಕೂಗಿದ: "ಹಗ್ಗ ಸುತ್ಕೊಳ್ರೋ! ಇವತ್ತು ಬಲೆ ಇಲ್ಲ!"

"ಇವತ್ತು ಮಾತ್ರಾನಾ?" ಎಂದಳು ಅವಳು.

"ನಾಲ್ಕು ಹೊಟ್ಟೆ ನೋಡಿ ಇಡೀ ಕಡಲಿನ ಮಾತು ಕೊಡೋಕೆ ಆಗುತ್ತೇನೇ? ನೀನೇ ನಿನ್ನೆ ಒಂದು ಹೇಳಿದೆ, ಇವತ್ತು ಒಂದು ಹೇಳ್ತಿದ್ದೀಯ."

ಅವಳೂ ಅದನ್ನೇ ಯೋಚಿಸುತ್ತಿದ್ದಳು. ತೊನೆಯುವ ದೋಣಿಯಲ್ಲಿ ಅಣ್ಣನ ಹೆಗಲು ಹಿಡಿದು ಎದ್ದು ನಿಂತಳು.

"ಹಾಗಾದ್ರೆ ಬೇಗ ಬೇಗ ಬಲೆ ಬೀಸಣ್ಣ. ಇನ್ನೂ ಹತ್ತು ಹೊಟ್ಟೆ ಬೇಕು ನನಗೆ."