ಹುಸೇನ್ ಸಾಬರ ಹೆಗಲು

ದೆವ್ವ, ಮಾಟ, ಮೈಮೇಲೆ ಬರುವುದು ಇಂಥವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಅಂಥ ಕಥೆ ತೆಗೆದರೆ, ನಡೆಯಿರಿ, ಅಲ್ಲೇ ಒಂದು ಫೋಟೋ ಹಿಡಿಯೋಣ, ಕ್ಯಾಮರಾದ ಗಾಜು ಸುಳ್ಳು ಹೇಳುವುದಿಲ್ಲ ಎಂದು ನಗುತ್ತಿದ್ದೆ. ಈಗ ಆ ಮಾತನ್ನು ಆಡುವುದಿಲ್ಲ. ಏಕೆಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ಮನೆ ಚನ್ನಪಟ್ಟಣದ ಪಕ್ಕದ ಕ್ಲೋಸ್‌ಪೇಟೆಯಲ್ಲಿ. ಮದುವೆ, ನಾಮಕರಣಗಳ ಫೋಟೋ ತೆಗೆಯುವುದರ ಜೊತೆಗೆ ಬೆಂಗಳೂರಿನ ಒಂದು ಪತ್ರಿಕೆಗೂ ಚಿತ್ರ ಕಳಿಸುತ್ತಿದ್ದೆ. ತೆಗೆದ ಪ್ರತಿ ಚಿತ್ರಕ್ಕೂ ದಿನಚರಿಯಲ್ಲಿ ಒಂದು ಸಾಲು: ಬೆಳಕು ಹೇಗಿತ್ತು, ಮುಚ್ಚಳ ತೆಗೆದು ಎಷ್ಟು ಎಣಿಸಿದೆ, ಎಷ್ಟು ಜನ. ಅದರ ಕೆಳಗೆ ಅವತ್ತಿನ ಊಟ. ಇದಕ್ಕೆ ಮನೆಯವಳು ನಗುವುದುಂಟು.

ಆ ವರ್ಷ ಚನ್ನಪಟ್ಟಣದ ಗೊಂಬೆಗಳು ಮೈಸೂರಿನ ವಸ್ತುಪ್ರದರ್ಶನಕ್ಕೆ ಹೊರಟಿದ್ದವು. ಗೊಂಬೆ ಕಡೆಯುವವರ ಚಿತ್ರವೊಂದು ಬೇಕೆಂದು ಪತ್ರಿಕೆಯವರು ಬರೆದರು. ಬೆಳಗಿನ ರೈಲಿಗೆ ಹೋದೆ. ಗೊಂಬೆಗೆ ಬಣ್ಣ ಹಚ್ಚುವ ಅರಗು ಮಾರುವ ಸಾಹುಕಾರರ ಮನೆಯ ಸುಣ್ಣದ ಗೋಡೆಯ ಮುಂದೆ ಹನ್ನೊಂದು ಮಂದಿಯನ್ನು ಎರಡು ಸಾಲು ಮಾಡಿದೆ. ಹಿಂದಿನ ಸಾಲಿನ ಕೊನೆಯವನು ಸಿದ್ದಪ್ಪ. ಪ್ರದರ್ಶನಕ್ಕೆ ಆರಿಸುವಾಗ ಅವನ ಗೊಂಬೆಗಳನ್ನು ಬಣ್ಣ ಮಂಕೆಂದು ಸಾಹುಕಾರರು ಹಿಂದಿನ ದಿನವೇ ಎಲ್ಲರೆದುರು ಬದಿಗೆ ತಳ್ಳಿದ್ದರಂತೆ. ನೋಡ್ತಾ ಇರಿ ಎಂದು ಅವನು ಬೀದಿಯಲ್ಲೇ ಕೂಗಿ ಹೋಗಿದ್ದನಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಅವನು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಾನೇ ಹೋಗಿ ಅವನ ರುಮಾಲು ಸರಿಮಾಡಿ, ಬಲಗೈಯನ್ನು ಎತ್ತಿ ಪಕ್ಕದ ಹುಸೇನ್ ಸಾಬರ ಹೆಗಲ ಮೇಲಿಟ್ಟೆ. ಅಲುಗುವವನ ಕೈಗೆ ಒಂದು ಆಸರೆ ಕೊಟ್ಟರೆ ಮೈ ನಿಲ್ಲುತ್ತದೆ. ಇದು ನಮ್ಮ ಕಸುಬಿನ ಉಪಾಯ. ಯಾರೂ ಕತ್ತು ತಿರುಗಿಸಕೂಡದು, ಪಕ್ಕದವರ ಮೇಲೆ ನೊಣ ಕೂತರೂ ನೋಡಕೂಡದು ಎಂದು ಹೇಳಿ ಕ್ಯಾಮರಾದ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದೆ. ಗಾಜಿನಲ್ಲಿ ತಲೆಕೆಳಗಾಗಿ ನಿಂತ ಹನ್ನೊಂದು ಜನ ಕಂಡರು. ಅಷ್ಟರಲ್ಲಿ ಮೋಡ ಅಡ್ಡ ಬಂತು. ಬಟ್ಟೆಯಿಂದ ಹೊರಬಂದು, ಚಿತ್ರ ಮೂಡುವ ಗಾಜಿನ ಪ್ಲೇಟು ಹಾಕಿ, ಆಕಾಶ ನೋಡುತ್ತ ಕಾದೆ. ಬಿಸಿಲು ಬಂದೊಡನೆ ಮಸೂರದ ಮುಚ್ಚಳ ತೆಗೆದು ನಾಲ್ಕು ಎಣಿಸಿದೆ. ಎಣಿಸುವಾಗ ನಾನು ಮುಖ ನೋಡುವುದಿಲ್ಲ, ಮುಂದಿನ ಸಾಲಿನ ಕಾಲು ನೋಡುತ್ತೇನೆ. ಅಲುಗಾಟ ಮೊದಲು ತಿಳಿಯುವುದು ಅಲ್ಲಿ.

ಮುಚ್ಚಳ ಹಾಕುತ್ತಿದ್ದ ಹಾಗೆ ಹಿತ್ತಲ ಕಡೆಯಿಂದ ಕೂಗು. ಸಾಹುಕಾರರ ಅರಗಿನ ಕೊಟ್ಟಿಗೆ ಹೊತ್ತಿಕೊಂಡಿತ್ತು. ಎಲ್ಲರೂ ಓಡಿದರು. ನೀರು ಹೊತ್ತವರಲ್ಲಿ ಸಿದ್ದಪ್ಪನೂ ಇದ್ದ.

ಸಂಜೆ ನಮ್ಮ ಉಗ್ರಾಣದಲ್ಲಿ, ಕೆಂಪು ಬಟ್ಟೆ ಸುತ್ತಿದ ದೀಪದ ಬೆಳಕಿನಲ್ಲಿ ಪ್ಲೇಟು ತೊಳೆದೆ. ಚಿತ್ರ ಚೊಕ್ಕಟವಾಗಿ ಮೂಡಿತ್ತು. ಜನ ಹತ್ತೇ ಇದ್ದರು.

ನಾಲ್ಕು ಎಣಿಸುವುದರೊಳಗೆ ಸರಿದು ಹೋದವನಾದರೆ ಹೊಗೆಯ ಹಾಗಾದರೂ ಕಾಣಬೇಕು. ಸಿದ್ದಪ್ಪ ನಿಂತ ಜಾಗದಲ್ಲಿ ಗೋಡೆಯ ಬಿರುಕು ಕೂಡ ಸ್ಪಷ್ಟವಾಗಿತ್ತು. ದಿನಚರಿ ತೆಗೆದು ನೋಡಿದೆ. ಮರಳುವಾಗ ರೈಲಿನಲ್ಲಿ ಕೂತು ಬರೆದ ಸಾಲು: 'ಹನ್ನೊಂದು ಜನ. ನಾಲ್ಕು ಎಣಿಕೆ. ಬಿಸಿಲು ಚೆನ್ನ.' ಮತ್ತೆ ಪ್ಲೇಟು ಹಿಡಿದು ನೋಡಿದಾಗ ಹುಸೇನ್ ಸಾಬರ ಹೆಗಲು ಕಣ್ಣಿಗೆ ಬಿತ್ತು. ಹೊಸ ಅಂಗಿ, ಗಂಜಿ ಹಾಕಿದ್ದು. ಆ ಹೆಗಲಿನಲ್ಲಿ ಮಾತ್ರ ಬಟ್ಟೆ ನಾಲ್ಕು ಬೆರಳಗಲ, ಅದುಮಿ ಹಿಡಿದ ಹಾಗೆ ಕುಗ್ಗಿತ್ತು.

ಮಾರನೆಯ ದಿನ ಚನ್ನಪಟ್ಟಣದ ದಫೇದಾರರು ಮನೆಗೆ ಬಂದರು. ಬೆಂಕಿ ಇಟ್ಟ ಗುಮಾನಿಯ ಮೇಲೆ ಸಿದ್ದಪ್ಪನನ್ನು ಠಾಣೆಯಲ್ಲಿ ಕೂರಿಸಿದ್ದರು. ಬೆಂಕಿ ಬಿದ್ದಾಗ ಅವನು ಸಾಲಿನಲ್ಲಿದ್ದನೆ ಎಂದರೆ ಉಳಿದ ಹತ್ತು ಮಂದಿಗೂ ಒಂದೇ ಉತ್ತರ: ಫೋಟೋದವರು ಕತ್ತು ತಿರುಗಿಸಬೇಡಿ ಎಂದಿದ್ದರು. ಹುಸೇನ್ ಸಾಬರು ಮಾತ್ರ ಅದರ ಜೊತೆಗೆ, "ಹೆಗಲ್ ಮ್ಯಾಲೆ ಕೈ ಇತ್ತು. ಯಾರ್ದು ಅಂತ ನೋಡ್ದೆ ಹೆಂಗೆ ಆಣೆ ಇಡ್ಲಿ?" ಎಂದರಂತೆ. ಇನ್ನು ಉಳಿದದ್ದು ನನ್ನ ಪ್ಲೇಟು.

ಸಿದ್ದಪ್ಪನದು ಇನ್ನೊಂದು ಚಿತ್ರ ತೆಗೆದು, ಅದರಿಂದ ಅವನನ್ನು ಎತ್ತಿ ತಂದು ಆ ಜಾಗದಲ್ಲಿ ನಿಲ್ಲಿಸುವ ಕೆಲಸ ನನಗೆ ಬರುತ್ತಿತ್ತು. ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದೆ. ಗಾಜಿನಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ, ಬಾಯಲ್ಲಿ ಹೇಳಿದೆ. ಪ್ಲೇಟಿಗೆ ಬೆಳಕು ತಗುಲಿ ಹಾಳಾಯಿತು, ಆದರೆ ಅವನ ಕೈಯನ್ನು ಆ ಹೆಗಲ ಮೇಲಿಟ್ಟವನು ನಾನು ಎಂದೆ.

ದಫೇದಾರರು ಗೋಡೆಗೆ ಒರಗಿಸಿದ್ದ ಪ್ಲೇಟುಗಳ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿದರು.

"ಇಟ್ಟಿದ್ದು ಸರಿ ಸ್ವಾಮಿ. ಅವ್ನು ಕೈ ತೆಗ್ದಿದ್ನ ನೋಡುದ್ರಾ?"

"ಇಲ್ಲ."

"ಹಂಗಾರೆ ಅಲ್ಲೇ ಇದ್ದ ಅಂತ್ಲೇ ಬರ್ಕೊಬೇಕು," ಎಂದು ಬರೆದುಕೊಂಡರು. ಸಂಜೆಗೆ ಅವನನ್ನು ಬಿಟ್ಟರು.

ಉಳಿದವರೆಲ್ಲ ಒಬ್ಬೊಬ್ಬರಾಗಿ ಬಂದು ಚಿತ್ರ ಕೇಳಿದರು. ಹಾಳಾಯಿತು ಎಂದರೂ ಬಿಡಲಿಲ್ಲ. "ಮಸಿ ಹಿಡ್ದಂಗಿದ್ರೂ ಪರ್ವಾಗಿಲ್ಲ, ಮೊಕ ಒಸಿ ಕಂಡ್ರೆ ಸಾಕು," ಎಂದವರೂ ಇದ್ದರು. ಹತ್ತೂ ಮಂದಿಗೆ ಇಲ್ಲವೆಂದು ಕಳಿಸಿದೆ. ಸಿದ್ದಪ್ಪ ಬಂದು ಕೇಳಲಿಲ್ಲ.

ಬಾರದವನೇನಲ್ಲ. ವರ್ಷಕ್ಕೊಮ್ಮೆ ನನ್ನ ಮಗಳಿಗೆಂದು ಒಂದು ಗೊಂಬೆ ಹಿಡಿದು ಬರುತ್ತಾನೆ. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಾನೆ, ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡುತ್ತಾನೆ, ಇದು ಯಾರು, ಅದು ಯಾರು ಎಂದು ಕೇಳುತ್ತಾನೆ. ಅವತ್ತಿನ ಚಿತ್ರದ ಮಾತೆತ್ತುವುದಿಲ್ಲ. ಒಂದು ಸಲ ನಾನೇ ತಡೆಯಲಾರದೆ, ಅವತ್ತು ನೀನು ಅಲ್ಲೇ ಇದ್ದೆಯೇನಪ್ಪ ಎಂದು ಕೇಳಿಬಿಟ್ಟೆ. ಅವನು ಲೋಟ ಕೆಳಗಿಟ್ಟು ಮೆಲ್ಲಗೆ ನಕ್ಕ.

"ನಿಲ್ಸಿದೋರು ನೀವೇ ಅಲ್ವಾ ಬುದ್ಧಿ? ನಿಮ್ಗಿಂತ ನನಗೇನ್ ಗೊತ್ತಾದದು?"

ಅವನು ಹೋದ ಮೇಲೆ ಉಗ್ರಾಣಕ್ಕೆ ಹೋಗಿ, ಪೆಟ್ಟಿಗೆಯ ತಳದಿಂದ ಆ ಪ್ಲೇಟನ್ನು ತೆಗೆದು ಕಿಟಕಿಗೆ ಹಿಡಿದೆ. ಈಗಲೂ ಆಗೊಮ್ಮೆ ಈಗೊಮ್ಮೆ ಹಾಗೆ ಹಿಡಿದು ನೋಡುತ್ತೇನೆ. ಹತ್ತು ಜನ, ಗೋಡೆಯ ಬಿರುಕು, ಕುಗ್ಗಿದ ಆ ಹೆಗಲು. ದಿನಚರಿಯಲ್ಲಿ ಮಾತ್ರ ಇನ್ನೂ ಹನ್ನೊಂದೇ ಇದೆ. ತಿದ್ದಬೇಕೆಂದು ಎರಡು ಸಲ ಪೆನ್ನು ತೆಗೆದು, ಹಾಗೇ ಇಟ್ಟಿದ್ದೇನೆ.