ಹೆಜ್ಜೇನಿನ ಟೇಪು

ಹೋದ ತಿಂಗಳು, ಕೆಟ್ಟುಹೋದ ಚಾರ್ಜಿಂಗ್ ಟಾರ್ಚನ್ನು ಹಿಡಿದುಕೊಂಡು ಆಲೂರಿನ ರಿಪೇರಿ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಕಾದ ಸಾಲ್ಡರಿಂಗ್ ಕಡ್ಡಿಯನ್ನು ರಾಳದ ಡಬ್ಬಿಗೆ ಅದ್ದಿ ತೆಗೆದ. ಚುಯ್ ಎಂದು ಬಿಳಿ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸಂಜೆ ಬರುತ್ತೇನೆಂದು ಹೇಳಿ ಹೊರಗೆ ಬಂದು, ಪಕ್ಕದ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಪ್ಪತ್ತು ವರ್ಷಕ್ಕೂ ಹಿಂದೆ ಬಾಳ್ಳುಪೇಟೆಯ ಒಂದು ಹಿಂಬದಿಯ ಕೋಣೆಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು...

ಅವರನ್ನು ಊರಲ್ಲಿ ಎಲ್ಲರೂ ಕೀಬೋರ್ಡ್ ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಕೆಲಸ ಮಾಡಿದವರಲ್ಲ. ಹೆದ್ದಾರಿ ಬದಿಯ ಲಾರಿ ಗ್ಯಾರೇಜಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಒಂಟಿ ಜೀವ. ಮುಂದಿನ ಕೋಣೆಯಲ್ಲಿ ಸಂಜೆ ಹೊತ್ತು ಪೇಟೆಯ ನಾಲ್ಕಾರು ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತಿದ್ದರು, ಅಲ್ಲೇ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿಯನ್ನೂ ಮಾಡುತ್ತಿದ್ದರು. ಹಿಂದಿನ ಕೋಣೆ ಅವರ ಸ್ಟುಡಿಯೋ. ಗೋಡೆಗೆಲ್ಲ ಕಾಫಿಯ ಗೋಣಿಚೀಲ ಬಡಿದು, ಅದರ ಮೇಲೆ ಬೇಕರಿಯಿಂದ ತಂದ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದರು. ಮಂಗಳೂರಿನ ಯಾವುದೋ ಆರ್ಕೆಸ್ಟ್ರಾದವರಿಂದ ಕೊಂಡ ಹಳೆಯ ಕೀಬೋರ್ಡು, ತಾಳ ಹಾಕುವ ಒಂದು ಮಿಷನ್ನು, ನಾಲ್ಕು ಸದ್ದುಗಳನ್ನು ಬೇರೆಬೇರೆಯಾಗಿ ತುಂಬಿಸಿಕೊಳ್ಳುವ ಒಂದು ಟೇಪ್‌ರೆಕಾರ್ಡರ್. ಇಷ್ಟೆಲ್ಲ ಇದ್ದರೂ ಲಾರಿ ಗೇರು ಬದಲಾಯಿಸಿದರೆ ರೆಕಾರ್ಡಿಂಗ್ ಹಾಳು. ಲಾರಿ ದೂರ ಹೋಗುವವರೆಗೆ ಕೈ ಎತ್ತಿ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಮತ್ತೆ ಮೊದಲಿಂದ ಶುರು.

ಆ ಕೋಣೆಯಿಂದ ಅವರು ತಮ್ಮದೇ ಕ್ಯಾಸೆಟ್ಟುಗಳನ್ನು ಹೊರತರುತ್ತಿದ್ದರು. ಹಾಡಿಲ್ಲದ ಕ್ಯಾಸೆಟ್ಟುಗಳು, ಬರೀ ಮಿಷನ್ನಿನ ಸಂಗೀತ. ಒಂದೊಂದನ್ನೂ ತಾವೇ ಕೂತು ಕಾಪಿ ಮಾಡಿ, ಮೇಲಿನ ಕಾಗದದ ಮೇಲೆ ಪಿಕಳಾರ ಹಕ್ಕಿಯ ಅಚ್ಚೊತ್ತಿ, ಬಾಳ್ಳುಪೇಟೆಯ ಬೇಕರಿಯಲ್ಲೂ ಸಕಲೇಶಪುರದ ಬಸ್ ನಿಲ್ದಾಣದ ಒಂದು ಅಂಗಡಿಯಲ್ಲೂ ಇಡುತ್ತಿದ್ದರು. ಜನ ಅದನ್ನು ಹಕ್ಕಿ ಕ್ಯಾಸೆಟ್ಟು ಎನ್ನುತ್ತಿದ್ದರು. ಕೊಳ್ಳುವವರು ಕಡಿಮೆ. ಹೆತ್ತೂರಿನ ಕಡೆ ಓಡುವ ಬಸ್ಸುಗಳ ಒಂದಿಬ್ಬರು ಡ್ರೈವರುಗಳಿಗೆ ಮಾತ್ರ ಅದು ಬಹಳ ಇಷ್ಟವಾಗಿತ್ತು. ಭಜನೆ ಮಾಡಿ, ಜನಪದ ಮಾಡಿ, ಚೆನ್ನಾಗಿ ಹೋಗುತ್ತದೆ ಎಂದು ಬೇಕರಿಯವರು ಎಷ್ಟೋ ಸಲ ಹೇಳಿದ್ದರು. ಮೇಷ್ಟ್ರು ನಕ್ಕುಬಿಡುತ್ತಿದ್ದರು.

ನಾನಾಗ ಆಲೂರು ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಹಾಜರಿ ಹಾಕುವುದು, ಆಳುಗಳಿಗೆ ಕೆಲಸ ಹಂಚುವುದು ನನ್ನ ಪಾಲು. ಒಮ್ಮೆ ರೇಡಿಯೋ ರಿಪೇರಿಗೆಂದು ಹೋದವನಿಗೆ ಅವರು ಬಿಸಿಲೆಯ ಕಾಡಿನಲ್ಲಿ ತುಂಬಿಸಿಕೊಂಡು ಬಂದಿದ್ದ ಜೀರುಂಡೆಯ ಸದ್ದನ್ನು ಕೇಳಿಸಿದರು. ಅದರ ಅಡಿಯಲ್ಲಿ ಕೀಬೋರ್ಡಿನ ಒಂದೇ ಒಂದು ತಗ್ಗಿನ ಸ್ವರ, ನಿಧಾನಕ್ಕೆ ಏರುತ್ತ ಹೋಗುವಂಥದ್ದು. ಸಂಗೀತವೆಂದರೆ ಅದರಲ್ಲಿ ಮಾತಿರಬೇಕು ಎಂದುಕೊಂಡಿದ್ದವನು ನಾನು. ಇದರಲ್ಲಿ ಮಾತೇ ಇರಲಿಲ್ಲ. ಆದರೂ ಮುಗಿದ ಮೇಲೆ ಎದ್ದು ಹೋಗಲು ಮನಸ್ಸಾಗಲಿಲ್ಲ. ಅಂದಿನಿಂದ ಬಾಳ್ಳುಪೇಟೆಗೆ ಹೋದಾಗಲೆಲ್ಲ ಆ ಕೋಣೆಯಲ್ಲಿ ಒಂದು ಗಳಿಗೆ ಕೂತು ಬರುತ್ತಿದ್ದೆ.

ಆ ವರ್ಷ ಎಸ್ಟೇಟಿಗೆ ಆನೆಗಳ ಕಾಟ ಮಿತಿಮೀರಿತ್ತು. ಕಾಫಿ ಹಣ್ಣು ಕೊಯ್ಯುವ ಕಾಲ. ಆಳುಗಳ ಸಾಲುಮನೆ, ಅಂದರೆ ಲೈನಿನ ಹೆಂಗಸರು ಬೆಳಿಗ್ಗೆ ಮನೆಯಿಂದ ಹೊರಡಲು ಹೆದರುತ್ತಿದ್ದರು. ಪಟಾಕಿಗೆ ಆನೆಗಳು ಈಗ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಏನಾದರೂ ಮಾಡಿ ಎಂದು ಎಸ್ಟೇಟಿನ ಒಡೆಯರಾದ ಗೌಡರು ದಿನಾ ನನ್ನನ್ನು ಗದರುತ್ತಿದ್ದರು. ಒಂದು ದಿನ ನಮ್ಮ ಪಂಪಿನ ಆಳು ಈರಯ್ಯ, ಹೆಜ್ಜೇನು ಕಟ್ಟಿದ ಮರದ ಹತ್ತಿರ ಆನೆ ಸುಳಿಯುವುದಿಲ್ಲ, ಚಿಕ್ಕಂದಿನಿಂದ ನೋಡಿದ್ದೇನೆ ಎಂದ. ಜೇನನ್ನು ತಂದು ತೋಟದ ಸುತ್ತ ಕಟ್ಟಲಾಗುತ್ತದೆಯೇ? ಆದರೆ ಅದರ ಸದ್ದನ್ನು ತರಬಹುದಲ್ಲ ಎಂದು ನನಗೆ ಹೊಳೆಯಿತು.

ಮೇಷ್ಟ್ರು ಮೊದಲು ಒಪ್ಪಲಿಲ್ಲ. "ನಾನು ಜನ ಕೇಳ್ಲಿ ಅಂತ ಮಾಡೋನು ಕಣ್ರೀ. ಹೆದರ್ಸೋಕೆ ಮಾಡೋನಲ್ಲ," ಎಂದರು. ನಾನು ಬಿಡಲಿಲ್ಲ. ಲೈನಿನ ಹೆಂಗಸರ ವಿಷಯ ಹೇಳಿದೆ, ಮಕ್ಕಳು ಶಾಲೆಗೆ ಹೋಗುತ್ತಿಲ್ಲ ಎಂದೆ. ಮೂರನೆಯ ಸಲ ಹೋದಾಗ ಒಪ್ಪಿಕೊಂಡರು.

ತೋಟದ ಮೇಲಿನ ಬಂಡೆಯ ಪಕ್ಕದ ಮರದಲ್ಲಿ ಹೆಜ್ಜೇನು ಕಟ್ಟಿತ್ತು. ಮೇಷ್ಟ್ರು ಮತ್ತು ಈರಯ್ಯ ಇಬ್ಬರೂ ಕಂಬಳಿ ಮುಸುಕು ಹಾಕಿಕೊಂಡು, ಉದ್ದದ ಗಳುವಿನ ತುದಿಗೆ ಮೈಕು ಕಟ್ಟಿ ಹೋದರು. ನಾನು ದೂರದಲ್ಲಿ ನಿಂತಿದ್ದೆ. ಈರಯ್ಯ ಕಲ್ಲೆಸೆದು ಜೇನನ್ನು ರೇಗಿಸಿದ. ಇಬ್ಬರೂ ಓಡಿಬಂದಾಗ ಮೇಷ್ಟರ ಒಂದು ಕಣ್ಣು ಮುಚ್ಚಿಹೋಗುವಷ್ಟು ಊದಿತ್ತು, ಕೈಯಲ್ಲಿ ಮಾತ್ರ ಟೇಪ್‌ರೆಕಾರ್ಡರ್ ಭದ್ರವಾಗಿತ್ತು. ಈರಯ್ಯನ ಹೆಂಡತಿ ಸಣ್ಣಮ್ಮ ಇಬ್ಬರ ಮುಖಕ್ಕೂ ಸುಣ್ಣ ಹಚ್ಚಿದಳು. ಅವತ್ತು ಲೈನಿನ ಮುಂದೆ ಕೂತು ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅದಾದ ಮೇಲೆ ಈರಯ್ಯ ಸಂತೆಗೆ ಹೋದಾಗಲೆಲ್ಲ ಮೇಷ್ಟರ ಮನೆಗೆ ಹೋಗಿ ಬರುತ್ತಿದ್ದ.

ಹದಿನೈದು ದಿನ ಕೂತು ಮೇಷ್ಟ್ರು ಆ ಟೇಪು ಮಾಡಿದರು. ರೇಗಿದ ಜೇನಿನ ಮೊರೆತದ ಕೆಳಗೆ ಕೀಬೋರ್ಡಿನಿಂದ ಅಂಥದ್ದೇ ಇನ್ನೊಂದು ಮೊರೆತವನ್ನು ಕೂಡಿಸಿದ್ದರು. ಒಮ್ಮೆ ಹತ್ತಿರ ಬಂದಂತೆ, ಒಮ್ಮೆ ದೂರ ಹೋದಂತೆ. ಕೇಳಿದರೆ ಮೈ ಮೇಲಿನ ಕೂದಲು ನಿಲ್ಲುತ್ತಿತ್ತು. ಜೊತೆಗೆ ಡಬ್ಬಿಯೊಳಗೆ ತಮ್ಮ ಕೈಯಲ್ಲೇ ಬರೆದ ಒಂದು ಚೀಟಿ ಇಟ್ಟಿದ್ದರು. ವಾರಕ್ಕೊಮ್ಮೆ ಟೇಪು ಬದಲಾಯಿಸಬೇಕು, ಇಲ್ಲದಿದ್ದರೆ ಆನೆಗೆ ರೂಢಿಯಾಗುತ್ತದೆ. ಇದನ್ನು ನಂಬಿ ಯಾರೂ ಒಬ್ಬರೇ ತೋಟಕ್ಕೆ ಇಳಿಯಬಾರದು. ಬಾಯಲ್ಲೂ ನನಗೆ ಎರಡು ಸಲ ಹೇಳಿದರು.

ತೋಟದ ನಡುವಿನ ಸಿಲ್ವರ್ ಮರಕ್ಕೆ ಹಾರ್ನ್ ಸ್ಪೀಕರ್ ಕಟ್ಟಿ, ಎಸ್ಟೇಟಿನ ಸ್ಟೋರಿನಿಂದ ತಂತಿ ಎಳೆದು ಟೇಪು ಹಾಕಿದೆವು. ಮೊದಲ ಸಂಜೆಯೇ ಐದು ಆನೆಗಳ ಗುಂಪು ಬೇಲಿಯವರೆಗೆ ಬಂದು, ನಿಂತು, ಸೊಂಡಿಲೆತ್ತಿ, ಹಿಂದಕ್ಕೆ ತಿರುಗಿತು. ಲೈನಿನವರೆಲ್ಲ ಹೊರಗೆ ಬಂದು ನೋಡಿದರು. ಗೌಡರು ನನ್ನ ಬೆನ್ನು ತಟ್ಟಿದರು. ಸುತ್ತಲಿನ ಎಸ್ಟೇಟಿನವರು ಜೀಪಿನಲ್ಲಿ ಮೇಷ್ಟರ ಮನೆ ಹುಡುಕಿಕೊಂಡು ಹೋದರು. ಅಷ್ಟು ಜನ ಬೇಕೆಂದು ಕೇಳಿದ ಕ್ಯಾಸೆಟ್ಟನ್ನು ಅವರು ಜೀವಮಾನದಲ್ಲಿ ಮಾಡಿರಲಿಲ್ಲ. ಆದರೂ ಯಾರಿಗೂ ಕೊಡಲಿಲ್ಲ. ಒಂದೆರಡು ತಿಂಗಳು ಒಂದು ಕಡೆ ನೋಡೋಣ ಎಂದರಂತೆ.

ಮೊದಲ ಎರಡು ವಾರ ಬಾಳ್ಳುಪೇಟೆಗೆ ಹೋಗಿ ಬೇರೆ ಟೇಪು ತಂದು ಹಾಕಿ, ಎಲ್ಲವನ್ನೂ ಅವರು ಹೇಳಿದಂತೆಯೇ ಮಾಡಿದೆ. ಆಮೇಲೆ ಆನೆ ಬರಲಿಲ್ಲ, ನನಗೂ ಉದಾಸೀನ ಬಂತು. ಹೊಸ ಟೇಪು ತಯಾರಿದೆ, ಬಂದು ತೆಗೆದುಕೊಂಡು ಹೋಗಿ ಎಂದು ಮೇಷ್ಟ್ರು ಈರಯ್ಯನ ಕೈಲೇ ಹೇಳಿ ಕಳಿಸಿದ್ದರು. ಕಾಫಿ ಹೂವಿಗೆ ನೀರು ಹಾಯಿಸುವ ಕಾಲ ಬಂದಿತ್ತು. ನಾಳೆ ಹೋದರಾಯಿತು ಎಂದುಕೊಂಡು ನಾಲ್ಕು ವಾರ ಕಳೆದೆ. ಅದೇ ಟೇಪು ಅಷ್ಟೂ ದಿನ ಓಡಿತು.

ಅವತ್ತು ಬೆಳಿಗ್ಗೆ ಆರು ಗಂಟೆ. ಮಂಜು ಇತ್ತು. ಕೆರೆಯ ಪಂಪು ಶುರು ಮಾಡಲು ಈರಯ್ಯ ಹೊರಟಿದ್ದ. ಸ್ಟೋರಿನ ಮುಂದೆ ನಿಂತು, "ಯಾರಾನ ಜೊತೆಗೆ ಕಳಿಸ್ತೀರಾ ರೈಟ್ರೇ? ನೆನ್ನೆ ಲದ್ದಿ ಕಂಡೆ," ಎಂದ.

ಹಾಜರಿ ಪುಸ್ತಕದಿಂದ ತಲೆ ಎತ್ತದೆ ನಾನು ಹೇಳಿದೆ: "ಟೇಪು ಓಡ್ತಾ ಐತಲ್ಲ, ಹೋಗು ಮಾರಾಯ."

ಅವನು ಹೋದ.

ಪಂಪಿನ ಸದ್ದು ಎಷ್ಟು ಹೊತ್ತಾದರೂ ಕೇಳದಿದ್ದಾಗ ನಾವು ನಾಲ್ಕು ಜನ ಇಳಿದುಹೋದೆವು. ಹಾರ್ನ್ ಕಟ್ಟಿದ್ದ ಮರದಿಂದ ಹತ್ತು ಮಾರು ಆಚೆ, ಕಾಫಿ ಗಿಡಗಳ ನಡುವಿನ ಹಾದಿಯಲ್ಲಿ ಅವನು ಬಿದ್ದಿದ್ದ. ಅದನ್ನು ಬರೆಯಲಾರೆ... ಮರದ ಬುಡದಲ್ಲಿ ಒಂಟಿ ಆನೆ ಬಹಳ ಹೊತ್ತು ನಿಂತು ಪಕ್ಕದ ಹಲಸಿನ ಕೊಂಬೆ ಮುರಿದು ತಿಂದಿದ್ದ ಗುರುತಿತ್ತು. ಹಾರ್ನಿನ ಕೆಳಗೇ. ಜೇನಿನ ಮೊರೆತ ಆಗಲೂ ಕೇಳುತ್ತಿತ್ತು. ಅದನ್ನು ಸಹಿಸಲಾರದೆ ನಾನೇ ತಂತಿ ಕಿತ್ತೆ. ಸದ್ದು ನಿಂತದ್ದೇ, ಕೆಳಗಿನ ಬಿದಿರುಮೆಳೆಯಲ್ಲಿ ಆನೆ ನಡೆದು ಹೋಗುವ ಸದ್ದು, ಗಳು ಮುರಿಯುವ ಸದ್ದು, ನಮ್ಮೆಲ್ಲರಿಗೂ ಸ್ಪಷ್ಟವಾಗಿ ಕೇಳಿತು.

ಚಿಕ್ಕಂದಿನಿಂದ ಆನೆಯ ನಡುವೆ ಬೆಳೆದವನು ಈರಯ್ಯ. ಮಂಜಿನಲ್ಲಿ ಕಣ್ಣು ಕಾಣದಿದ್ದರೂ ಕಿವಿಯಿಂದಲೇ ತಿಳಿದುಕೊಳ್ಳುತ್ತಿದ್ದ. ನಾವು ಅವನ ಕಿವಿಗಳನ್ನು ಮುಚ್ಚಿ ಕಳಿಸಿದ್ದೆವು.

ಅರಣ್ಯ ಇಲಾಖೆಯವರು ಬರುವುದರೊಳಗೆ ನಾನು ಸ್ಟೋರಿಗೆ ಹೋದೆ. ಕ್ಯಾಸೆಟ್ಟಿನ ಡಬ್ಬಿಯಿಂದ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡೆ. ಮನೆಯಲ್ಲಿ ಹೆಂಡತಿ, ಎರಡು ಸಣ್ಣ ಮಕ್ಕಳು, ಎಸ್ಟೇಟೇ ಕೊಟ್ಟ ಮನೆ. ಆ ಹೊತ್ತು ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಮೇಷ್ಟ್ರು ಮಧ್ಯಾಹ್ನ ಬಂದರು. ಹೆಣದ ಮುಂದೆ ನಿಂತು ಮುಖ ಮುಚ್ಚಿಕೊಂಡು ಅತ್ತರು. ಹೀಗೆ ಒಂಟಿಯಾಗಿ ಕಳಿಸಬಹುದು ಎಂದು ಟೇಪು ಕೊಟ್ಟವರು ಹೇಳಿದ್ದರೇ ಎಂದು ಅರಣ್ಯದ ಸಾಹೇಬರು ಎಲ್ಲರ ಎದುರಿಗೆ ಕೇಳಿದರು. ಪಕ್ಕದಲ್ಲಿ ಗೌಡರೂ ನಿಂತಿದ್ದರು. ಮೇಷ್ಟ್ರು ನನ್ನ ಕಡೆ ತಿರುಗಿ, "ಚೀಟಿ ಬರ್ದಿಟ್ಟಿದ್ನಲ್ಲ ರೈಟ್ರೇ," ಎಂದರು.

"ಯಾವ ಚೀಟಿ?" ಎಂದೆ.

ಅವರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ರೆಕಾರ್ಡಿಂಗ್ ನಡುವೆ ಲಾರಿ ಬಂದಾಗ ಅದು ಹೋಗಲಿ ಎಂದು ಕಾಯುತ್ತಿದ್ದರಲ್ಲ, ಹಾಗೆ ಕಾದರು. ನಾನು ಗೌಡರ ಕಡೆ ತಿರುಗಿದೆ. ಅವರು ಚೀಟಿಯ ಮಾತನ್ನು ಮತ್ತೆ ಎತ್ತಲಿಲ್ಲ. ಸಣ್ಣಮ್ಮ ಎದ್ದು ಬಂದು, "ನಿನ್ ಸಂಗೀತ ನನ್ ಗಂಡನ್ನ ತಿಂದ್ಬುಡ್ತು," ಎಂದು ಅವರ ಅಂಗಿ ಹಿಡಿದಾಗಲೂ ತಲೆ ತಗ್ಗಿಸಿ ನಿಂತಿದ್ದರು. ಚೀಟಿಯನ್ನು ನಾನು ಅವತ್ತೇ ಬಚ್ಚಲ ಒಲೆಗೆ ಹಾಕಿದೆ.

ಕೇಸೇನೂ ಆಗಲಿಲ್ಲ. ಆದರೆ ಮಾತು ಹರಡಿತು. ಬೇಕರಿಯವರು ಹಕ್ಕಿ ಕ್ಯಾಸೆಟ್ಟುಗಳನ್ನು ಕಟ್ಟು ಕಟ್ಟಿ ವಾಪಸ್ ಕೊಟ್ಟರು. ಮಕ್ಕಳನ್ನು ಪಾಠಕ್ಕೆ ಕಳಿಸುವುದು ನಿಂತಿತು. ಮೇಷ್ಟ್ರು ಕೀಬೋರ್ಡನ್ನು ಯಾರಿಗೋ ಕೊಟ್ಟು, ಗೋಡೆಯ ಗೋಣಿಚೀಲಗಳನ್ನು ಕಿತ್ತುಹಾಕಿ, ಬರೀ ರಿಪೇರಿ ಮಾಡಿಕೊಂಡು ಉಳಿದರು. ಮಾಡಿಟ್ಟಿದ್ದ ಟೇಪುಗಳೆಲ್ಲವನ್ನೂ, ಬಿಸಿಲೆಯ ಆ ಜೀರುಂಡೆಯನ್ನೂ, ಗ್ಯಾರೇಜಿನ ಹಿಂದೆ ಸುಟ್ಟರೆಂದು ಮೆಕ್ಯಾನಿಕ್ ಒಬ್ಬ ಹೇಳಿದ.

ಎರಡು ವರ್ಷದ ಮೇಲೆ ಧೈರ್ಯ ಮಾಡಿ ಅವರ ಬಳಿ ಹೋದೆ. ಮೊಬೈಲ್ ಒಂದನ್ನು ಬಿಚ್ಚಿಕೊಂಡು ಕೂತಿದ್ದರು. ಸಾಲ್ಡರಿಂಗ್ ಕಡ್ಡಿಯಿಂದ ಹೊಗೆ ಏಳುತ್ತಿತ್ತು. ಆ ಚೀಟಿ ನನ್ನ ಹತ್ತಿರವೇ ಇತ್ತು, ನಾನೇ ಸುಟ್ಟೆ, ತಪ್ಪಾಯಿತು ಎಂದೆ. ಅವರು ಕೆಲಸ ನಿಲ್ಲಿಸಲಿಲ್ಲ.

"ಸಣ್ಣಮ್ಮನಿಗೆ ಹೇಳಿದ್ರಾ?"

ಇಲ್ಲ ಎಂದೆ.

"ನಂಗ್ ಹೇಳಿ ಏನ್ ಬಂತು ರೈಟ್ರೇ? ನಂಗ್ ಗೊತ್ತೇ ಐತಲ್ಲ."

ನಾನು ಎದ್ದು ಬಂದೆ. ಸಣ್ಣಮ್ಮನ ಬಳಿ ಹೋಗಲಿಲ್ಲ. ಅವಳು ಲೈನು ಬಿಟ್ಟು ಮಗಳ ಮನೆ ಸೇರಿದಾಗ ಹೋಗಲಿಲ್ಲ, ನಾನು ಕೆಲಸ ಬಿಟ್ಟು ಆಲೂರಿಗೆ ಬಂದ ಮೇಲೂ ಹೋಗಲಿಲ್ಲ. ಮೇಷ್ಟ್ರು ಕಾಮಾಲೆಯಾಗಿ ತೀರಿಕೊಂಡ ಸುದ್ದಿ ಬೇಕರಿಯವರಿಂದ ಮೂರು ವಾರದ ಮೇಲೆ ತಿಳಿಯಿತು. ಅವರ ಒಂದು ಕ್ಯಾಸೆಟ್ಟಾದರೂ ಎಲ್ಲಾದರೂ ಸಿಗುತ್ತದೆಯೇ ಎಂದು ಆಮೇಲೆ ಹುಡುಕಿದ್ದುಂಟು. ನನ್ನ ಬಳಿ ಇದ್ದ ಮೂರಕ್ಕೂ ಬೂಷ್ಟು ಹಿಡಿದಿತ್ತು, ಹಾಕಿದರೆ ಗರಗರ ಎನ್ನುತ್ತಿದ್ದವು ಅಷ್ಟೆ. ಬೇರೆ ಎಲ್ಲೂ ಸಿಗಲಿಲ್ಲ. ಒಬ್ಬ ಮನುಷ್ಯ ಹತ್ತು ವರ್ಷ ಕೂತು ಮಾಡಿದ್ದು ಈಗ ಎಲ್ಲೂ ಇಲ್ಲ.

ಅವತ್ತು ಅಂಗಡಿಯ ಮೆಟ್ಟಿಲ ಮೇಲಿಂದ ಎದ್ದವನು ಮನೆಗೆ ಹೋಗಲಿಲ್ಲ. ಸಣ್ಣಮ್ಮನ ಮಗಳ ಮನೆ ಆಲೂರಿನಲ್ಲೇ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಸಣ್ಣಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಹುರುಳಿ ಆರಿಸುತ್ತಿದ್ದಳು. ಬಹಳ ಇಳಿದುಹೋಗಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಜೊತೆಗೆ ಯಾರನ್ನಾದರೂ ಕಳಿಸಿ ಎಂದು ಈರಯ್ಯ ಕೇಳಿದ್ದು, ತರದೇ ಉಳಿದ ಟೇಪು, ಸುಟ್ಟ ಚೀಟಿ. ಅವಳ ಕೈ ಹುರುಳಿಯ ಮೇಲೆ ನಿಂತುಬಿಟ್ಟಿತು.

ಆಮೇಲೆ ಹೇಳಿದಳು: "ಆಯಪ್ಪ, ಆ ಮೇಷ್ಟ್ರು, ವರ್ಷ ವರ್ಷ ಬತ್ತಿದ್ರು. ನಾನು ಒಳಿಕ್ ಬುಡ್ಲಿಲ್ಲ. ಒಂದ್ಸತಿ ಸಗಣಿ ನೀರು ಎರಚ್ಬುಟ್ಟೆ. ಏನೂ ಅನ್ನದೆ ಮುಖ ಒರೆಸ್ಕೊಂಡು ಹೋದ್ರು... ಈಗ ಎಲ್ಲವ್ರೆ?"

"ತೀರಿಕೊಂಡ್ರು ಕಣಮ್ಮ. ಎಂಟು ವರ್ಷ ಆಯ್ತು."

ಅವಳು ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈಯುತ್ತಾಳೆ ಎಂದು ನಾನು ಕಾದಿದ್ದೆ, ಬೈಯಲಿ ಎಂದೇ ಹೋಗಿದ್ದೆನೋ ಏನೋ.

"ಅವ್ರ ಹೆಸ್ರೇನು? ಇಷ್ಟ್ ವರ್ಷ ಬಾಯಿಗ್ ಬಂದಂಗೆ ಬೈದಿದೀನಿ, ನಂಗೆ ಹೆಸ್ರೇ ಗೊತ್ತಿಲ್ಲ."

ನಾನು ಹೆಸರು ಹೇಳಿದೆ. ಸಣ್ಣಮ್ಮ ಅದನ್ನು ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡಳು. ಆಮೇಲೆ ಮೊರ ಎತ್ತಿಕೊಂಡು ಗೋಡೆ ಹಿಡಿದು ಎದ್ದು ನಿಂತಳು.

"ನೀವಿನ್ ಹೊರಡಿ ರೈಟ್ರೇ," ಎಂದಳು.